ಮರುಳಾದವರು, ಮರುಳು ಮಾಡಿದವರು

(ರಾಯಬಾಗ ತಾಲೂಕಿನ ದಿಗ್ಗೇವಾಡಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳ ವರದಿ ಪತ್ರಿಕೆಗಳಲ್ಲಿ ಹೇಗೆ ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಹಾಡಿದವರಿದ್ದರೆ ‘ಶ್ರೋತೃಗಳ ಮನ ಸೂರೆಗೊಂಡರು’ ಎಂದಿರುತ್ತದೆ. ಭಾಷಣಕಾರರಿದ್ದರೆ ‘ಸಭಿಕರನ್ನು ಮಂತ್ರಮುಗ್ಧಗೊಳಿಸಿದರು’ ಎಂದಿರುತ್ತದೆ. ಸಭಿಕರಲ್ಲಿ ಅರ್ಧ ಜನ ತೂಕಡಿಸಿದ್ದರೂ ವರದಿಯೇನೂ ಬದಲಾಗುವುದಿಲ್ಲ. ನಾನು ಇವತ್ತು ಈ ಮಾತುಗಳನ್ನೇ ಹಿಡಿದುಕೊಂಡು ಮಾತಾಡಬೇಕೆಂದು ಬಂದಿದ್ದೇನೆ. ಮನುಷ್ಯ ಒಂದು ಹಾಡಿಗೋ ರೂಪಕ್ಕೋ ಆಟಕ್ಕೋ ದೇವರಿಗೋ ತನ್ನನ್ನು ಕೊಟ್ಟುಕೊಂಡು ನಿಂತಾಗ ನಾವು ಕನ್ನಡದಲ್ಲಿ ಏನೆನ್ನುತ್ತೇವೆ? ಹಾಗೆನ್ನುವಾಗ ಯಾರನ್ನು ಹೊಗಳುತ್ತೇವೆ, ಯಾರ ತಲೆಗೆ ತಪ್ಪು ಕಟ್ಟುತ್ತೇವೆ? ಮೇಲುನೋಟಕ್ಕೆ ಇದು ನಿಘಂಟಿನ ವಿಷಯ. ಆದರೆ ಮನೆಯ ಜಗಳಗಳಲ್ಲಿ, ಊರ ಪಂಚಾಯಿತಿಯಲ್ಲಿ, ಕೆಲವು ಸಲ ಪೊಲೀಸ್ ಠಾಣೆಯಲ್ಲಿಯೂ ಇದೇ ಮಾತುಗಳು ಬಂದು ನಿಲ್ಲುತ್ತವೆ.

ಮೊದಲು ಆ ‘ಸೂರೆ’ಯನ್ನೇ ನೋಡಿ. ಸೂರೆ ಎಂದರೆ ಕೊಳ್ಳೆ, ಲೂಟಿ. ದಂಡು ಬಂದು ಊರು ಸೂರೆ ಮಾಡಿತು ಎಂದು ಶಾಸನಗಳ ಕಾಲದಿಂದಲೂ ಹೇಳುತ್ತ ಬಂದಿದ್ದೇವೆ. ಒಬ್ಬ ಗಾಯಕ ನಮ್ಮ ಮನಸ್ಸನ್ನು ಸೂರೆಗೊಂಡನೆಂದರೆ ಅವನು ನಮ್ಮನ್ನು ದೋಚಿದ ಎಂದಾಯಿತು. ದೋಚಿಸಿಕೊಂಡವರು ಚಪ್ಪಾಳೆ ತಟ್ಟುತ್ತೇವೆ! ‘ಮನ ಸೋತೆ’ ಎನ್ನುತ್ತೇವೆ, ಅದು ಸೋಲು. ‘ಮಾರುಹೋದೆ’ ಎನ್ನುತ್ತೇವೆ, ಅದು ಮಾರಾಟ. ಸಂತೆಯಲ್ಲಿ ಎತ್ತು ಮಾರಿಹೋದಂತೆ ನಾನು ಇನ್ನೊಬ್ಬರ ಸೊತ್ತಾಗಿ ಹೋದೆ ಎಂದು. ‘ಮೈಮರೆತೆ’ ಎಂದರೆ ಇದ್ದ ಮೈಯನ್ನೇ ಕಳೆದುಕೊಂಡೆ. ‘ಪರವಶನಾದೆ’ ಎಂದರೆ ನನ್ನ ವಶದಲ್ಲಿ ನಾನಿಲ್ಲ. ‘ಮನಸ್ಸು ಕದ್ದ’ ಎನ್ನುವಲ್ಲಿ ಕಳವು, ‘ಬಲೆಗೆ ಬಿದ್ದ’ ಎನ್ನುವಲ್ಲಿ ಬೇಟೆ. ಕನ್ನಡಿಗನು ತನ್ನ ಅತ್ಯಂತ ದೊಡ್ಡ ಸುಖವನ್ನು ಹೇಳಿಕೊಳ್ಳಲು ಆರಿಸಿಕೊಂಡ ಮಾತುಗಳೆಲ್ಲ ನಷ್ಟದ ಲೆಕ್ಕದಿಂದ ಬಂದವು. ಜಮಾ ಕಡೆಯಲ್ಲಿ ಒಂದು ಮಾತೂ ಇಲ್ಲವೇ ಎಂದು ನಾನು ಬಹಳ ಹುಡುಕಿದೆ. ‘ಮನ ತುಂಬಿತು’ ಎಂಬುದೊಂದಿದೆ, ನಿಜ. ಆದರೆ ಅದು ಊಟವಾದ ಮೇಲಿನ ತೃಪ್ತಿಯ ಮಾತು, ಮೈಮರೆವಿನದಲ್ಲ.

ಈ ಮಾತುಗಳ ರಾಜ ಎಂದರೆ ‘ಮರುಳು’. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟನ್ನು ತೆರೆದರೆ ಈ ಶಬ್ದಕ್ಕೆ ಎರಡು ಬಗೆಯ ಅರ್ಥ ಸಿಗುತ್ತದೆ. ಒಂದು ಭ್ರಾಂತಿ, ಹುಚ್ಚು, ಪೆದ್ದುತನ. ಇನ್ನೊಂದು ಪಿಶಾಚಿ. ಹಳಗನ್ನಡ ಕಾವ್ಯಗಳ ರಣರಂಗದಲ್ಲಿ ಹೆಣಗಳ ನಡುವೆ ಕುಣಿಯುವ ಮರುಳುಗಳು ಬೇಕಾದಷ್ಟಿವೆ. ನಿಮ್ಮ ಪಕ್ಕದ ಮುಧೋಳದ ಕವಿ ರನ್ನ ಇದ್ದಾನಲ್ಲ, ಅವನ ಗದಾಯುದ್ಧದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ದುರ್ಯೋಧನ ಕುರುಕ್ಷೇತ್ರದಲ್ಲಿ ಒಬ್ಬನೇ ನಡೆದು ಬರುವಾಗ ಇಂಥ ಒಂದು ಮರುಳು ಅವನನ್ನು ಕೆಣಕುತ್ತದೆ. ನಿಜವಾದ ಮರುಳು ತಾನೋ ಆ ದೊರೆಯೋ ಎಂದು ಹಂಗಿಸುತ್ತದೆ. ಒಂದೇ ಶಬ್ದದ ಎರಡು ಅರ್ಥಗಳನ್ನು ಎದುರುಬದುರು ನಿಲ್ಲಿಸಿ ರನ್ನ ಆಡಿದ ಆಟ ಅದು. ಸಾವಿರ ವರ್ಷ ಕಳೆದರೂ ಆ ಪ್ರಶ್ನೆ ಹಳತಾಗಿಲ್ಲ. ಅಧಿಕಾರಕ್ಕೆ ಮರುಳಾದವರು ಇಂದಿಗೂ ಪಿಶಾಚಿಯನ್ನು ಹೊರಗೇ ಹುಡುಕುತ್ತಾರೆ.

ಇದೇ ಮರುಳು ಭಕ್ತಿಯ ಕಡೆಗೆ ತಿರುಗಿದಾಗ ಅದರ ಮುಖವೇ ಬೇರೆಯಾಗುತ್ತದೆ. ಬಳ್ಳಾರಿ ಸೀಮೆಯ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನಿದ್ದಾನೆ. ಕಲ್ಯಾಣದ ಶರಣರಲ್ಲಿ ಮರುಳಶಂಕರದೇವನಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಹುಚ್ಚಪ್ಪ, ಹುಚ್ಚವ್ವ ಎಂದು ಮಕ್ಕಳಿಗೆ ಹೆಸರಿಡುವುದು ನಿಂತಿದ್ದು ತೀರ ಈಚೆಗೆ. ದೇವರಿಗೆ ಮರುಳಾದರೆ ಮರ್ಯಾದೆ. ಮುಪ್ಪಿನಲ್ಲಿ ಆದರೆ ಅರಳು ಮರುಳು, ಅದಕ್ಕೆ ಕ್ಷಮೆಯುಂಟು. ಹೆಣ್ಣಿಗೆ ಮರುಳಾದರೆ? ಅಲ್ಲಿಂದ ಕಥೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಜಾತ್ರೆ ಎಂದ ಕೂಡಲೇ ಈ ಭಾಗದವರ ಕಣ್ಣ ಮುಂದೆ ಬರುವುದು ಚಿಂಚಲಿ ಮಾಯಕ್ಕನ ಜಾತ್ರೆಯೇ. ಮಾಘಮಾಸದ ಭಾರತ ಹುಣ್ಣಿಮೆಗೆ ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರ ಸೀಮೆಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುವವರನ್ನು ನೀವು ಚಿಕ್ಕಂದಿನಿಂದ ಕಂಡಿದ್ದೀರಿ. ಕುರುಬರು, ಧನಗರರು, ಡೊಳ್ಳು, ಗಾಳಿಯಲ್ಲೆಲ್ಲ ಹಳದಿ ಭಂಡಾರ. ದೇವಿಯ ಹೆಸರಿನಲ್ಲಿಯೇ ಮಾಯೆ ಇದೆ. ಹೆಸರಿನ ಮೂಲ ಏನೇ ಇರಲಿ, ಬಂದವರು ಅದನ್ನು ತಮ್ಮ ತಮ್ಮ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಮಾಯೆ ಎಂದರೆ ಕಣ್ಣಿಗೆ ಕಟ್ಟುವ ಮೋಸ, ಇದ್ದಕ್ಕಿದ್ದಂತೆ ಇಲ್ಲವಾಗುವುದು. ಮರಾಠಿಯಲ್ಲಿ ಮಾಯಾ ಎಂದರೆ ಇವುಗಳ ಜೊತೆಗೆ ಅಕ್ಕರೆ, ತಾಯಿಯ ಮಮತೆ. ಅಲ್ಲಿಂದ ಬಂದ ಮುದುಕಿಯೊಬ್ಬಳು ಮಾಯಕ್ಕ ಎಂದು ಕೈ ಮುಗಿದಾಗ ಅವಳ ಕಿವಿಗೆ ಮೋಸ ಕೇಳಿಸುವುದಿಲ್ಲ, ಮಮತೆ ಕೇಳಿಸುತ್ತದೆ. ಇನ್ನು ಕನ್ನಡದಲ್ಲಿ ‘ಗಾಯ ಮಾಯಿತು’ ಎನ್ನುತ್ತೇವಲ್ಲ, ಆ ಮಾಯುವುದು ಬೇರೆಯೇ ಶಬ್ದ. ಆದರೆ ಹರಕೆ ತೀರಿಸಲು ಬಂದವರಿಗೆ ಈ ಮಾಯುವಿಕೆಯೂ ಬೇಕಾಗಿಯೇ ಇರುತ್ತದೆ. ಭಾಷಾಶಾಸ್ತ್ರಜ್ಞರು ಇವನ್ನು ಬೇರ್ಪಡಿಸಿ ಇಡಲಿ. ಜಾತ್ರೆಯಲ್ಲಿ ಅವು ಒಂದೇ ಗಾಡಿಯಲ್ಲಿ ಬರುತ್ತವೆ.

ಆ ಜಾತ್ರೆಯಲ್ಲಿ ಡೊಳ್ಳಿನ ಪೆಟ್ಟು ಏರುತ್ತ ಹೋದಂತೆ ಯಾರೋ ಒಬ್ಬ ಹೆಣ್ಣುಮಗಳ ಮೈ ನಡುಗಲು ತೊಡಗುತ್ತದೆ. ‘ಮೈದುಂಬಿತು’ ಎನ್ನುತ್ತೇವೆ, ‘ಮೈಮ್ಯಾಲೆ ಬಂತು’ ಎನ್ನುತ್ತೇವೆ. ಮೈಮರೆಯುವುದಕ್ಕೂ ಮೈದುಂಬುವುದಕ್ಕೂ ಇರುವ ಅಂತರವನ್ನು ಗಮನಿಸಿ. ಮೈಮರೆತವನ ಮೈ ಖಾಲಿ ಮನೆ. ಮೈದುಂಬಿದವಳ ಮೈಯೊಳಗೆ ಇನ್ನೊಬ್ಬರು ಬಂದು ಕೂತಿರುತ್ತಾರೆ. ನಿನ್ನೆಯವರೆಗೆ ಅತ್ತೆಯ ಎದುರು ಮುಖ ಎತ್ತಿ ಮಾತಾಡದವಳು ಈಗ ಹಿರಿಯರನ್ನು ‘ಲೇ’ ಎಂದು ಕರೆದು ಕೇಳುತ್ತಾಳೆ, ಹಿರಿಯರು ತಲೆ ಬಾಗಿಸಿ ಉತ್ತರ ಕೊಡುತ್ತಾರೆ. ಇದರಲ್ಲಿ ದೇವರಿದ್ದಾಳೋ ಇಲ್ಲವೋ ಎಂಬ ಚರ್ಚೆ ನನ್ನದಲ್ಲ. ನನಗೆ ಕಾಣುವುದು ಇಷ್ಟು: ನಮ್ಮ ಭಾಷೆ ಅವಳ ಆ ಸ್ಥಿತಿಗೆ ಗೌರವದ ಮಾತು ಕೊಟ್ಟಿದೆ. ಅವಳು ಯಾರನ್ನೋ ಏನೋ ಮಾಡಿದಳು ಎನ್ನುವುದಿಲ್ಲ, ಅವಳಿಗೆ ಏನೋ ಆಯಿತು ಎನ್ನುತ್ತದೆ.

ಈ ‘ಆಗು’ ಮತ್ತು ‘ಮಾಡು’ಗಳಲ್ಲೇ ನಾನು ಹೇಳಬೇಕೆಂದಿರುವ ಗುಟ್ಟು ಇರುವುದು. ದಿಗ್ಗೇವಾಡಿಯಂಥ ಗಡಿಭಾಗದ ಊರಿನಲ್ಲಿ ಇದನ್ನು ವಿವರಿಸುವುದು ಬೆಂಗಳೂರಿನಲ್ಲಿ ವಿವರಿಸುವುದಕ್ಕಿಂತ ಸುಲಭ. ನೀವು ಹೇಗೆ ಮಾತಾಡುತ್ತೀರಿ ನೋಡಿ. ‘ಹುಡುಗಗ ನಾಟಕದ ಹುಚ್ಚ ಹಿಡದೈತಿ’ ಎನ್ನುತ್ತೀರಿ. ಇಲ್ಲಿ ಹುಡುಗ ಏನೂ ಮಾಡಿಲ್ಲ. ಹಿಡಿದದ್ದು ಹುಚ್ಚು, ಹುಡುಗ ಹಿಡಿಸಿಕೊಂಡವನು. ವ್ಯಾಕರಣದಲ್ಲಿ ಅವನು ಕರ್ತೃವೇ ಅಲ್ಲ, ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿದ್ದಾನೆ. ಅವನಿಗೆ ಹಸಿವಾಯಿತು, ಜ್ವರ ಬಂತು, ನಿದ್ದೆ ಹತ್ತಿತು ಎಂದ ಹಾಗೆಯೇ ಹುಚ್ಚು ಹಿಡಿಯಿತು. ‘ಅವಂಗ ಇಸ್ಪೀಟಿನ ನಾದ ಹತ್ತೈತಿ’ ಎಂದೂ ಹೇಳುತ್ತೀರಿ. ಕೃಷ್ಣೆಯ ಆಚೆ ಮಿರಜದ ಕಡೆ ಹೋದರೆ ಇದೇ ವಾಕ್ಯ ಮರಾಠಿಯಲ್ಲಿ ಸಿಗುತ್ತದೆ: ‘ತ್ಯಾಲಾ ನಾದ ಲಾಗಲಾ’. ಅವರ ‘ಲಾಗಣೇ’ ನಿಮ್ಮ ‘ಹತ್ತು’. ಅವರ ‘ಲಾವಣೇ’ ನಿಮ್ಮ ‘ಹಚ್ಚು’. ಅವರು ‘ವೇಡ ಲಾವಲಂ’ ಎಂದರೆ ನೀವು ‘ಹುಚ್ಚ ಹಚ್ಚಿದಳು’ ಎನ್ನುತ್ತೀರಿ. ಎರಡು ಭಾಷೆಗಳು ಬೇರೆ ಬೇರೆ ಕುಟುಂಬಕ್ಕೆ ಸೇರಿದ್ದರೂ ಶತಮಾನಗಳ ಕಾಲ ಒಂದೇ ನೀರು ಕುಡಿದು ಒಂದೇ ಅಚ್ಚಿನಲ್ಲಿ ವಾಕ್ಯ ಎರೆಯುವುದನ್ನು ಕಲಿತಿವೆ. ಗಡಿ ಆಯೋಗಗಳು ನಕಾಶೆಯಲ್ಲಿ ಗೆರೆ ಎಳೆಯಬಹುದು. ಕ್ರಿಯಾಪದಗಳ ನಡುವೆ ಎಳೆಯುವುದು ಕಷ್ಟ.

ಆದರೂ ಗಡಿ ದಾಟುವಾಗ ಶಬ್ದಗಳು ಸ್ವಲ್ಪ ವೇಷ ಬದಲಿಸುತ್ತವೆ. ಮರಾಠಿಯವರು ‘ಭಜನಾತ ದಂಗ’ ಎಂದರೆ ಭಜನೆಯಲ್ಲಿ ಮುಳುಗಿದ್ದಾರೆ ಎಂದು. ನಾವು ‘ದಂಗಾದರು’ ಎಂದರೆ ಬೆರಗಾಗಿ ಬಾಯಿ ತೆರೆದರು ಎಂದು. ಅವರ ‘ಗುಂಗ’ ಕೆಲಸದಲ್ಲಿ ತಲ್ಲೀನನಾದವನು. ನಮ್ಮ ‘ಗುಂಗು’ ಕೆಲಸ ಮುಗಿದ ಮೇಲೂ ಬಿಡದೆ ಕಾಡುವುದು. ಅವರಿಗೆ ‘ಛಂದ’ ಎಂದರೆ ಹವ್ಯಾಸ, ಗೀಳು. ನಮಗೆ ‘ಛಂದ’ ಎಂದರೆ ಸೊಗಸು. ನೋಡಲು ಛಂದ ಇದ್ದದ್ದೇ ಆಮೇಲೆ ಛಂದ ಆಗುತ್ತದೆ ಎಂದು ಎರಡನ್ನೂ ಬಲ್ಲ ನೀವು ನಗಬಹುದು. ‘ಮೋಡಿ’ಯ ಕಥೆ ಇನ್ನೂ ಮೋಜಿನದು. ದಕ್ಷಿಣದ ಕನ್ನಡಿಗನಿಗೆ ಮೋಡಿ ಎಂದರೆ ಮಂತ್ರಗಾರನ ಕಟ್ಟು, ಜಾದು. ಈ ಭಾಗದ ಹಿರಿಯರಿಗೆ ಮೋಡಿ ಎಂದರೆ ಮೊದಲು ನೆನಪಾಗುವುದು ಹಳೆಯ ಕಾಗದಪತ್ರಗಳ ಮೋಡಿ ಲಿಪಿ. ಕುಲಕರ್ಣಿಗಳು ಸರಸರ ಎಳೆದು ಬರೆದ ಆ ಅಕ್ಷರವನ್ನು ಓದಲಾಗದೆ ಎಷ್ಟು ಜನ ಬಡವರು ಹೊಲ ಕಳೆದುಕೊಂಡರೋ! ಅವರ ಮಟ್ಟಿಗೆ ಎರಡೂ ಮೋಡಿಗಳ ಪರಿಣಾಮ ಒಂದೇ.

ಗುಂಗಿನ ಮಾತು ಬಂತಲ್ಲ, ಅದಕ್ಕೊಂದು ಉದಾಹರಣೆ ಕೊಡದೆ ಮುಂದೆ ಹೋಗಲು ಮನಸ್ಸಿಲ್ಲ. ಚಿಂಚಲಿಯಲ್ಲಿ ರೈಲು ಹತ್ತಿ ಕುಡಚಿ, ಉಗಾರ, ಶೇಡಬಾಳ ದಾಟಿದರೆ ಮಿರಜ. ಉತ್ತರಪ್ರದೇಶದ ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು ಬಂದು ನೆಲೆಸಿದ ಊರು ಅದು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿಯ ದರ್ಗಾದಲ್ಲಿದೆ. ಅವರು ಹಾಡಿದ ಝಿಂಝೋಟಿ ರಾಗದ ಠುಮರಿಯೊಂದರ ಗ್ರಾಮಫೋನ್ ತಟ್ಟೆ ಗದುಗಿನ ಅಂಗಡಿಯಲ್ಲಿ ತಿರುಗುತ್ತಿತ್ತು. ಅದನ್ನು ಕೇಳಿದ ಒಬ್ಬ ಹುಡುಗ 1933ರಲ್ಲಿ, ಹನ್ನೊಂದು ವರ್ಷದವನು, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದ. ಅವನೇ ಭೀಮಸೇನ ಜೋಶಿ. ಅದಕ್ಕೂ ಮುಂಚೆ ಬೀದಿಯಲ್ಲಿ ಭಜನೆಯವರೋ ಬಾಜಾದವರೋ ಹೋದರೆ ಅವರ ಬೆನ್ನು ಹತ್ತಿ ನಡೆದು, ದಣಿದಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಸಾಕಾದ ತಂದೆ ಅವನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು ಎಂಬ ಕಥೆ ಪ್ರಸಿದ್ಧ. ನನಗೆ ಆ ತಂದೆಯ ಮೇಲೆ ಬಹಳ ಗೌರವ. ಆತ ಮಗನಿಗೆ ಯಾರೋ ಮಾಟ ಮಾಡಿಸಿದ್ದಾರೆ ಎನ್ನಲಿಲ್ಲ, ಬಾಜಾದವರ ಜೊತೆ ಜಗಳಕ್ಕೂ ಹೋಗಲಿಲ್ಲ. ಮಗ ಕಳೆದುಹೋಗುವ ಸ್ವಭಾವದವನೆಂದು ಒಪ್ಪಿಕೊಂಡು ವಿಳಾಸ ಬರೆದು ಬಿಟ್ಟರು. ಹುಡುಗ ಊರೂರು ಅಲೆದು ಕೊನೆಗೆ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ. ಅವರು ಕರೀಂ ಖಾನರ ಶಿಷ್ಯರೇ. ಗ್ರಾಮಫೋನ್ ತಟ್ಟೆಯಿಂದ ಕಿವಿಯೊಳಗೆ ಹೊಕ್ಕ ಗುಂಗು ಸುತ್ತಿ ಬಳಸಿ ತನ್ನ ಮನೆಯನ್ನೇ ಸೇರಿತು.

ಹಾಡಿಗೆ ಮರುಳಾದ ಗಂಡುಹುಡುಗನ ಕಥೆ ಹೀಗೆ ಭಾರತರತ್ನದವರೆಗೆ ಹೋಯಿತು. ಹಾಡಿಗೆ ಮರುಳಾದ ಹೆಣ್ಣೊಬ್ಬಳ ಕಥೆ ಕನ್ನಡದಲ್ಲಿದೆ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆ. ರಾಣಿ ಅಮೃತಮತಿ ಬೆಳಗಿನ ಜಾವದಲ್ಲಿ ಎಚ್ಚರಗೊಂಡಾಗ ಆನೆಯ ಲಾಯದಿಂದ ಒಂದು ಹಾಡು ಕೇಳಿಸುತ್ತದೆ. ಹಾಡಿದವನು ಮಾವುತ ಅಷ್ಟವಂಕ. ಹೆಸರೇ ಹೇಳುವಂತೆ ಅಂಗವೆಲ್ಲ ಸೊಟ್ಟ. ನೋಡಿಬಂದ ದೂತಿ ಅವನ ಕುರೂಪವನ್ನು ಬಣ್ಣಿಸಿದರೂ ರಾಣಿಯ ಮನಸ್ಸು ಹಿಂದೆ ಬರುವುದಿಲ್ಲ. ಮುಂದಿನದು ವಿಷ, ಕೊಲೆ, ಜನ್ಮಜನ್ಮಗಳ ತೊಳಲಾಟ. ನಾನು ಅಮೃತಮತಿಯ ಕೊಲೆಯನ್ನು ಸಮರ್ಥಿಸಲು ಹೊರಟವನಲ್ಲ. ನೋಡಬೇಕಾದದ್ದು ಆ ಮೊದಲ ಕ್ಷಣವನ್ನು. ಕತ್ತಲೆಯಲ್ಲಿ ಒಬ್ಬ ತನ್ನ ಪಾಡಿಗೆ ಹಾಡಿಕೊಂಡ. ಕೇಳುವವರಿದ್ದಾರೆಂದು ಅವನಿಗೆ ಗೊತ್ತೂ ಇರಲಿಲ್ಲ. ಇವಳು ಸೋತಳು. ಅವನು ಮೋಡಿ ಹಾಕಿದ, ಅವಳನ್ನು ಮರುಳು ಮಾಡಿದ ಎಂದು ಎಂಟು ಶತಮಾನಗಳ ಓದುಗರಲ್ಲಿ ಯಾರೂ ಹೇಳಿದಂತಿಲ್ಲ. ಮರುಳಾದದ್ದು ಅವಳು, ತಪ್ಪೂ ಅವಳದೇ.

ಈಗ ನಿಮ್ಮದೇ ಜಿಲ್ಲೆಯ ಸಂಗ್ಯಾ ಬಾಳ್ಯಾಕ್ಕೆ ಬನ್ನಿ. ಬೈಲಹೊಂಗಲದಲ್ಲಿ ನಡೆದ ಘಟನೆಯನ್ನು ಆಧರಿಸಿದ ಸಣ್ಣಾಟ. ಪತ್ತಾರ ಮಾಸ್ತರರ ಹೆಸರಿನಲ್ಲಿ ಪ್ರಸಿದ್ಧವಾದದ್ದು, ಈ ಸೀಮೆಯ ಬಯಲುಗಳಲ್ಲಿ ರಾತ್ರಿಯಿಡೀ ನಡೆದದ್ದು. ಇಲ್ಲಿ ಮರುಳಾದವನು ಸಂಗ್ಯಾ. ಈರ್ಯಾನ ಹೆಂಡತಿ ಗಂಗಿಯನ್ನು ಕಂಡದ್ದು ಅವನು, ಹುಚ್ಚು ಹಿಡಿಸಿಕೊಂಡದ್ದು ಅವನು, ನಡುವೆ ಜನ ಇಟ್ಟು ಅವಳನ್ನು ಒಲಿಸಿಕೊಳ್ಳಲು ಹೊರಟದ್ದೂ ಅವನೇ. ಕೊನೆಗೆ ಗೆಳೆಯ ಬಾಳ್ಯಾನ ದ್ರೋಹದಿಂದ ಕೊಲೆಯಾಗುತ್ತಾನೆ. ಆಟ ಮುಗಿದು ಕಂಬಳಿ ಕೊಡವಿಕೊಂಡು ಏಳುವ ಜನರ ಬಾಯಲ್ಲಿ ಬರುವ ಮಾತೇನು? ‘ಎಂಥಾ ಹುಡುಗನ್ನ ಮಳ್ಳ ಮಾಡಿ ಕೊಲ್ಲಿಸಿದಳು.’ ಅದೇ ವ್ಯಾಕರಣ ಈಗ ತಲೆಕೆಳಗಾಯಿತು. ಗಂಡು ಮರುಳಾದಾಗ ಆ ‘ಆದ’ ಎನ್ನುವುದು ಮೆಲ್ಲಗೆ ‘ಮಾಡಿದಳು’ ಆಗುತ್ತದೆ. ಹೆಣ್ಣು ಮರುಳಾದರೆ ಅವಳು ತಪ್ಪಿತಸ್ಥೆ, ಗಂಡು ಮರುಳಾದರೂ ಅವಳೇ ತಪ್ಪಿತಸ್ಥೆ. ಎರಡು ಕಥೆಗಳ ನಡುವೆ ಆರುನೂರು ವರ್ಷಗಳಿಗೂ ಹೆಚ್ಚಿನ ಅಂತರವಿದೆ. ತೀರ್ಪು ಮಾತ್ರ ಒಂದೇ.

ಇದು ಕಥೆಗಳಿಂದಷ್ಟೇ ತೆಗೆದ ದೂರಲ್ಲ, ಶಬ್ದಗಳೇ ಸಾಕ್ಷಿ ಹೇಳುತ್ತವೆ. ಮರುಳ ಎಂಬುದು ಆಡುಮಾತಿನಲ್ಲಿ ಮಳ್ಳ ಆಯಿತು. ಮಳ್ಳ ಎಂದರೆ ಪಾಪ, ಏನೂ ತಿಳಿಯದವನು. ಅದರ ಹೆಣ್ಣುರೂಪ ಮಳ್ಳಿ. ಮಳ್ಳಿ ಎಂದರೆ ಏನೂ ತಿಳಿಯದವಳು ಎಂದು ಯಾರಾದರೂ ಅಂದುಕೊಳ್ಳುತ್ತೀರಾ? ಎಲ್ಲ ತಿಳಿದೂ ತಿಳಿಯದ ಹಾಗೆ ನಟಿಸುವವಳು! ಮಂಚಕ್ಕೆ ಎಷ್ಟು ಕಾಲು ಎಂದರೆ ಮೂರು ಮತ್ತೊಂದು ಎಂದಳಂತೆ ಎಂಬ ಗಾದೆ ಅವಳಿಗೇ ಕಟ್ಟಿದ್ದು. ಹಾಗೆಯೇ ಸಂಸ್ಕೃತದಿಂದ ಬಂದ ಮೋಹನ, ಮೋಹಿನಿ. ಮೋಹನ ಎಂದು ಮಗನಿಗೆ ಹೆಸರಿಡುತ್ತೇವೆ, ಕೃಷ್ಣನ ಹೆಸರು. ಮೋಹಿನಿ ಎಂದರೆ ಹುಣಸೆಮರದ ದೆವ್ವ. ಮೋಹ, ಮುಗ್ಧ, ಮೂಢ ಮೂರೂ ಒಂದೇ ಧಾತುವಿನಿಂದ ಹುಟ್ಟಿದವು. ಮನಸ್ಸು ಕವಿದುಕೊಳ್ಳುವುದು ಅದರ ಮೂಲಾರ್ಥ. ಆ ಧಾತುವಿಗೆ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಭೇದ ಮಾಡಿದವರು ನಾವು.

ಮಾತು ಮಾತಿನಲ್ಲೇ ಉಳಿದಿದ್ದರೆ ನಾನು ಇಷ್ಟು ಬೆಳೆಸುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಮಗ ಹೆಂಡತಿಯ ಮಾತು ಕೇಳತೊಡಗಿದರೆ ‘ಮದ್ದು ಹಾಕ್ಯಾಳ’ ಎನ್ನುವ ಮನೆಗಳಿವೆ. ಅನ್ನದಲ್ಲಿ ಮದ್ದು, ಎಲೆಯಡಿಕೆಯಲ್ಲಿ ಮದ್ದು. ಆ ಮದ್ದು ತೆಗೆಸುತ್ತೇವೆ ಎಂದು ಹೊಟ್ಟೆಗೆ ಏನೇನೋ ಕುಡಿಸಿ ವಾಂತಿ ಮಾಡಿಸುವವರ ಬಳಿಗೆ ಜನ ಹೋಗುತ್ತಾರೆ. ಗಂಡನು ಹೆಂಡತಿಗೆ ಒಲಿದನೆಂಬ ಸರಳ ಸುದ್ದಿಯನ್ನು ನಂಬಲು ಆ ಮನೆ ತಯಾರಿಲ್ಲ. ಒಲಿದನು ಎಂದರೆ ಅವನು ಕರ್ತೃ. ಮದ್ದು ಹಾಕಿದಳು ಎಂದರೆ ಅವನು ಪಾಪದವನು. ಊರಲ್ಲಿ ಒಂಟಿ ಹೆಣ್ಣಿದ್ದರೆ, ವಿಧವೆಯಿದ್ದರೆ ಈ ‘ಮಾಡಿದಳು’ ಅವಳ ಬಾಗಿಲಿಗೆ ಬಹಳ ಬೇಗ ಬರುತ್ತದೆ. ಪಕ್ಕದ ಮಹಾರಾಷ್ಟ್ರದಲ್ಲಿ 2013ರ ಆಗಸ್ಟ್‌ನಲ್ಲಿ ನರೇಂದ್ರ ದಾಭೋಲಕರರ ಕೊಲೆಯಾದ ಮೇಲೆ ಮಾಟ-ಮಂತ್ರದ ವಿರುದ್ಧ ಕಾನೂನು ಬಂತು. ನಮ್ಮಲ್ಲಿ ಅಂಥ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಎರಡೂ ರಾಜ್ಯಗಳಲ್ಲಿ ಅಪರಾಧ. ಒಳ್ಳೆಯದೇ. ಆದರೆ ಏಟು ಬೀಳುವುದಕ್ಕೆ ಎಷ್ಟೋ ದಿನ ಮೊದಲೇ ಒಂದು ಕ್ರಿಯಾಪದ ಬಿದ್ದಿರುತ್ತದೆ. ಅದನ್ನು ಹಿಡಿಯುವ ಕಾಯ್ದೆ ಇಲ್ಲ. ಪತ್ರಿಕೆಗಳ ಸಣ್ಣ ಜಾಹೀರಾತುಗಳಲ್ಲಿ, ವಿದ್ಯುತ್ ಕಂಬಗಳ ಮೇಲೆ ‘ಸ್ತ್ರೀ ಪುರುಷ ವಶೀಕರಣ’ ಎಂದು ಫೋನ್ ನಂಬರಿನ ಸಮೇತ ಅಚ್ಚಾಗುತ್ತಿದ್ದದ್ದನ್ನು ನಾವೆಲ್ಲ ಓದಿದವರೇ. ವಶವಾಗುವ ಮನಸ್ಸನ್ನು ಬಿಟ್ಟು ವಶಮಾಡಿಕೊಳ್ಳುವ ವಿದ್ಯೆಗೆ ಬೆಲೆ ಕಟ್ಟುವ ಅಂಗಡಿ ಅದು.

ಹಾಗಾದರೆ ಇದನ್ನು ನಮ್ಮವರು ಯಾರೂ ತಿದ್ದಲಿಲ್ಲವೇ? ತಿದ್ದಿದರು. ಅದೂ ಬಹಳ ಹಿಂದೆಯೇ. ಅಲ್ಲಮಪ್ರಭುವಿನ ಒಂದು ವಚನ ನಿಮ್ಮಲ್ಲಿ ಹಲವರಿಗೆ ಬಾಯಿಪಾಠ. ಹೊನ್ನು, ಹೆಣ್ಣು, ಮಣ್ಣುಗಳನ್ನು ಮಾಯೆ ಎಂದು ದೂರುವ ಲೋಕದ ಮಾತನ್ನು ಒಂದೊಂದಾಗಿ ತಳ್ಳಿಹಾಕಿ, ಮಾಯೆ ಇರುವುದು ನೋಡುವವನ ಆಸೆಯಲ್ಲಿ ಎಂದು ತೋರಿಸುವ ವಚನ ಅದು. ಅಲ್ಲಮನು ಇದನ್ನು ಹೇಳಿದ್ದರಲ್ಲಿ ಒಂದು ಸ್ವಾರಸ್ಯವಿದೆ. ಹರಿಹರನ ರಗಳೆಯಲ್ಲಿ ಅವನು ಕಾಮಲತೆಗೆ ಮರುಳಾದ ಮದ್ದಳೆಗಾರ. ಹದಿನೈದನೆಯ ಶತಮಾನದ ಚಾಮರಸ ಆ ಕಥೆಯನ್ನು ಒಪ್ಪದೆ, ಮಾಯೆಯೇ ಬನವಾಸಿಯ ರಾಜಕುಮಾರಿಯಾಗಿ ಬಂದು ಸೋತಳೆಂದು ಪ್ರಭುಲಿಂಗಲೀಲೆ ಬರೆದ. ಭಕ್ತರಿಗೆ ಚಾಮರಸ ಇಷ್ಟ. ನನಗೆ ಹರಿಹರನ ಅಲ್ಲಮ ಹೆಚ್ಚು ಹತ್ತಿರದವನು. ಒಮ್ಮೆ ನಿಜವಾಗಿ ಮರುಳಾಗಿ, ಅವಳನ್ನು ಕಳೆದುಕೊಂಡು ಅಲೆದವನು ಮಾತ್ರ ಅವಳನ್ನು ದೂರದೆ ಆ ಮಾತು ಹೇಳಬಲ್ಲ ಎಂದು ನನ್ನ ಅನಿಸಿಕೆ.

ಈ ಸೀಮೆಯ ಇನ್ನೊಂದು ದೊಡ್ಡ ಪರಂಪರೆ ಜೈನರದು. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದು ಇಲ್ಲಿಯ ಸದಲಗಾದಲ್ಲಿ. ಬಸದಿಯಲ್ಲಿ ಪ್ರವಚನ ಕೇಳಿದವರಿಗೆ ಎಂಟು ಕರ್ಮಗಳ ಹೆಸರು ಗೊತ್ತು. ನಾಲ್ಕನೆಯದು ಮೋಹನೀಯ. ಅದಕ್ಕೆ ಕೊಡುವ ಹೋಲಿಕೆ ಮದ್ಯ. ಕುಡಿದವನಿಗೆ ಹಿತ ಅಹಿತ ತಿಳಿಯದಂತೆ ಮೋಹನೀಯ ಕರ್ಮ ಜೀವವನ್ನು ಕವಿಯುತ್ತದೆ. ಇಲ್ಲಿ ಮೋಹ ಹೊರಗಿನಿಂದ ಯಾರೋ ಎರಚಿದ ಮಂಕುಬೂದಿಯಲ್ಲ. ಅದು ಮೋಹಗೊಂಡವನ ಖಾತೆಯಲ್ಲೇ ಇರುವ ಸಾಲ, ತೀರಿಸಬೇಕಾದವನೂ ಅವನೇ. ಜನ್ನನೂ ಜೈನ ಕವಿ ಎಂಬುದನ್ನು ನೆನೆದರೆ ಅಮೃತಮತಿಯ ಮೇಲಿನ ಅವನ ಕಟ್ಟುನಿಟ್ಟು ಅರ್ಥವಾಗುತ್ತದೆ. ಅವನ ಲೆಕ್ಕದಲ್ಲಿ ಗಂಡಿಗೂ ಅದೇ ನಿಯಮ. ರಾಜ ಯಶೋಧರನೂ ತನ್ನ ಕರ್ಮಕ್ಕಾಗಿ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾನೆ. ಅರ್ಧ ನಿಯಮವನ್ನು ಮರೆತವರು ಓದುಗರು.

ಇಷ್ಟೆಲ್ಲ ಹೇಳಿದ ಮೇಲೆ ಯಾರೂ ಯಾವುದಕ್ಕೂ ಮರುಳಾಗಬೇಡಿ ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಮರುಳಾಗದ ಊರಲ್ಲಿ ಆಟವಿಲ್ಲ, ಹಾಡಿಲ್ಲ, ಜಾತ್ರೆಯೂ ಇಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತಕ್ಕೆ ಹಗಲು ದುಡಿದ ಜನ ರಾತ್ರಿಯಿಡೀ ಎಚ್ಚರಿರುತ್ತಿದ್ದದ್ದು ಮರುಳಿನಿಂದಲೇ. ಅದರ ವೇಷಗಳಿಂದ ಹೆಸರಾದ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಇಡೀ ಬಯಲನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಮದ್ದಿನಿಂದಲ್ಲ, ವರ್ಷಗಟ್ಟಲೆ ತಿದ್ದಿದ ಕಂಠದಿಂದ. ‘ಮರುಳು ಮಾಡಿದಳು’ ಎಂದರೆ ಆ ದುಡಿಮೆಯೂ ಅಳಿಸಿಹೋಗುತ್ತದೆ. ರಂಗದ ಮೇಲಿನ ಹೆಣ್ಣಿಗೆ ಹೊಗಳಿಕೆಯಾಗಿ ಹೇಳಿದ ಮಾತೇ ರಂಗ ಇಳಿದು ಬಂದಾಗ ಅವಳಿಗೆ ಬೈಗುಳವಾಗಿ ಕಾಯ್ದಿರುತ್ತಿತ್ತು.

ನಮ್ಮ ಆಡುಮಾತಿಗೆ ಈ ತಪ್ಪನ್ನು ಸರಿಯಾದ ಜಾಗದಲ್ಲಿ ಇಡಲು ಬರುವುದಿಲ್ಲ ಎಂದಲ್ಲ. ಬರುತ್ತದೆ. ತೊಟ್ಟಿಲ ಕೂಸು ಸಂಜೆಯ ಹೊತ್ತು ಹಟ ಹಿಡಿದು ಅತ್ತರೆ ನೀವೇನನ್ನುತ್ತೀರಿ? ‘ಕೂಸಿಗೆ ನೆದರಾಗೇತಿ.’ ಛಂದದ ಕೂಸು, ಬಂದವರೆಲ್ಲ ಕಣ್ಣು ಕೀಳದೆ ನೋಡಿದ್ದಾರೆ. ಆದರೂ ಕೂಸು ಅವರನ್ನು ಮರುಳು ಮಾಡಿತು ಎಂದು ಯಾವ ಅಜ್ಜಿಯೂ ಕೂಸನ್ನು ಬೈಯುವುದಿಲ್ಲ. ತಪ್ಪು ನೋಡಿದ ಕಣ್ಣಿನದು. ಬಂಜೆಯ ಕಣ್ಣು, ವಿಧವೆಯ ಕಣ್ಣು ಎಂದು ಅಲ್ಲಿಯೂ ಬೆರಳು ತೋರುವ ಚಾಳಿಯುಂಟು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನೆದರು ತೆಗೆಯುವ ಅಜ್ಜಿ ಉಪ್ಪು ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಕೂಸಿನ ಸುತ್ತ ಇಳಿಸುವಾಗ ಏನು ಹೇಳುತ್ತಾಳೆ, ಒಮ್ಮೆ ಕಿವಿಗೊಟ್ಟು ಕೇಳಿ. ಹೋದವರ ಕಣ್ಣು, ಬಂದವರ ಕಣ್ಣು ಎಂದು ಎಣಿಸುತ್ತ ಹೋಗಿ, ಕೊನೆಗೆ ಹೆತ್ತ ತಾಯಿಯ ಕಣ್ಣನ್ನೂ ಅದರಲ್ಲಿ ಸೇರಿಸಿ, ಒಲೆಗೆ ಹಾಕುತ್ತಾಳೆ.